ಮುಟ್ಟಬೇಡ, ಮಡಿಯಲ್ಲಿದ್ದೇನೆ

ನನ್ನ ಮಗ ಚಿಕ್ಕವನಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಮಣಿಪಾಲದ ನಮ್ಮ ಫ್ಲ್ಯಾಟಿನ ಸೋಫಾದ ಮೇಲೆ ನಿಂತುಕೊಂಡು ಕಕ್ಕಿದ. ಕಕ್ಕಿದ ಎಂದರೆ ಸಾಲದು. ಸೋಫಾ, ಅದರ ದಿಂಬು, ದಿಂಬಿನ ಪಕ್ಕದಲ್ಲಿದ್ದ ಟಿವಿ ರಿಮೋಟು, ಕೆಳಗೆ ಹಾಸಿದ್ದ ಚಾಪೆ, ಆ ಹುಡುಗ ಯಾವುದಕ್ಕೂ ಪಂಕ್ತಿಭೇದ ಮಾಡಲಿಲ್ಲ. ಜ್ವರದ ಮೈಯನ್ನು ಒರೆಸಿ, ಅಂಗಿ ಬದಲಿಸಿ ಅವನನ್ನು ಮಲಗಿಸಿ ಬಂದು ನಾನು ನೆಲದಲ್ಲಿ ಕೂತೆ. ರಿಮೋಟಿನ ಗುಂಡಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಅವಲಕ್ಕಿಯನ್ನು ಹಲ್ಲುಕಡ್ಡಿಯಿಂದ ಒಂದೊಂದಾಗಿ ತೆಗೆಯಬೇಕು. ಎಂಎ ಓದಿದ್ದು ಇದಕ್ಕೇ ಇರಬೇಕು ಅನ್ನಿಸಿತು. ಆವರೆಗೆ ಅದೇ ಕೋಣೆಯಲ್ಲಿ ಪೇಪರು ಓದುತ್ತಿದ್ದ ನನ್ನ ಗಂಡ ಎಲ್ಲಿ ಎಂದು ನೋಡಿದರೆ ಬಾಲ್ಕನಿಯಲ್ಲಿ ನಿಂತಿದ್ದಾರೆ. ಕಿವಿಗೆ ಇಯರ್‌ಫೋನು. ನನ್ನ ಕಡೆ ಒಂದು ಅಂಗೈ ತೋರಿಸಿ, ಮುಖವನ್ನು ಬಹಳ ದುಃಖದಲ್ಲಿರುವವರ ಹಾಗೆ ಮಾಡಿ, ತುಟಿಯಲ್ಲೇ "ಆಫೀಸು, ಅರ್ಜೆಂಟು" ಅಂದರು. ಭಾನುವಾರ! ನನಗೆ ನಗು ತಡೆಯಲಿಕ್ಕಾಗಲಿಲ್ಲ.

"ಎಂತ ನಗುವುದು?" ಎಂದು ಇಯರ್‌ಫೋನು ತೆಗೆದು ಕೇಳಿದರು. ಅರ್ಜೆಂಟು ಅಷ್ಟು ಬೇಗ ಮುಗಿದಿತ್ತು.

"ಏನಿಲ್ಲ. ರಾಟೆಯ ಸದ್ದು ಕೇಳಿದ ಹಾಗಾಯಿತು."

ಅವರಿಗೆ ಅರ್ಥವಾಗಲಿಲ್ಲ. ನಳ್ಳಿ ನೀರಿನ ಮನೆಯಲ್ಲಿ ಬೆಳೆದವರಿಗೆ ಅದು ಅರ್ಥವಾಗುವುದೂ ಇಲ್ಲ. ಆ ಸದ್ದಿನ ಅರ್ಥ ಗೊತ್ತಾಗಬೇಕಾದರೆ ಕಾಪುವಿನಲ್ಲಿ ಸಮುದ್ರದ ಗಾಳಿ ಬೀಸುವಷ್ಟು ಹತ್ತಿರದಲ್ಲಿದ್ದ ನಮ್ಮ ಮನೆಗೆ ಬರಬೇಕು. ಮುಂದೆ ಜಗಲಿ, ಒಳಗೆ ಕೆಂಪು ಸಿಮೆಂಟಿನ ಚಾವಡಿ, ಅದರ ಎಡಕ್ಕೆ ದೇವರ ಕೋಣೆ, ಹಿಂದೆ ಅಡಿಗೆ ಮನೆ, ಅಡಿಗೆ ಮನೆಯ ಬಾಗಿಲು ತೆರೆದರೆ ಬಾವಿ. ಬಾವಿಗೆ ಕಬ್ಬಿಣದ ರಾಟೆ. ಉಪ್ಪು ಗಾಳಿಗೆ ತುಕ್ಕು ಹಿಡಿದು ಅದು ಕಿರ್ರೋ ಎಂದು ಕೂಗುತ್ತಿತ್ತು. "ಒಂದು ತೊಟ್ಟು ಎಣ್ಣೆ ಬಿಡಿ" ಎಂದು ಅಮ್ಮ ಅಪ್ಪನಿಗೆ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು. ಆ ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ಪುರೋಹಿತರು, ಸುತ್ತಮುತ್ತಲಿನ ಮನೆಗಳಲ್ಲಿ ಪೂಜೆ, ಹೋಮ, ಶ್ರಾದ್ಧ ಮಾಡಿಸುವವರು. ಅಪ್ಪನ ತಾಯಿ, ನನ್ನ ಅಜ್ಜಿ, ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಮಡಿ. ಮೂರನೆಯವಳು ಅಮ್ಮ, ಸುಮತಿ. ನಾಲ್ಕನೆಯವಳು ನಾನು, ಒಬ್ಬಳೇ ಮಗಳು, ಸದಾ ಹೊಟ್ಟೆ ಕೆಟ್ಟವಳು. ಮನೆಯೊಳಗಿನ ಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುವಾಗ ಬೈಗಳ ಖಾರ ಸ್ವಲ್ಪ ಕಡಿಮೆಯಾಗಿದೆ.

ಮಡಿ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಲೆಗೆ ನೀರು ಹಾಕಿಕೊಂಡು, ಎತ್ತರದ ಗಳದ ಮೇಲೆ ಯಾರೂ ಮುಟ್ಟದಂತೆ ಒಣಗಿಸಿದ ಬಟ್ಟೆಯನ್ನೋ ರೇಷ್ಮೆಯ ಪಟ್ಟೆ ಪಂಚೆಯನ್ನೋ ಉಟ್ಟರೆ ಆ ಮನುಷ್ಯ ಮಡಿ. ಆಮೇಲೆ ಅವನನ್ನು ಯಾರೂ ಮುಟ್ಟುವ ಹಾಗಿಲ್ಲ, ಅವನೂ ಯಾರನ್ನೂ ಏನನ್ನೂ ಮುಟ್ಟುವ ಹಾಗಿಲ್ಲ. ದೇವರ ಪೂಜೆಗೆ ಬೇಕಾಗಿ ಮಾಡಿದ ಏರ್ಪಾಡು ಅದು. ಅದರ ಬೇರೆ ಉಪಯೋಗಗಳನ್ನು ನಮ್ಮ ಅಪ್ಪ ಕಂಡುಹಿಡಿದಿದ್ದರು.

ನನಗೆ ಜ್ವರ ಬಂದರೆ ವಾಂತಿ, ಬಸ್ಸು ಹತ್ತಿದರೆ ವಾಂತಿ, ಹಲಸಿನ ಹಣ್ಣು ತಿಂದರೆ ವಾಂತಿ, ಹಲಸಿನ ಹಣ್ಣು ಕೊಡುವುದಿಲ್ಲ ಅಂದದ್ದಕ್ಕೆ ಅತ್ತರೂ ವಾಂತಿ. ಆ ಮನೆಯಲ್ಲಿ ನಾನು ಕಕ್ಕದ ಜಾಗ ಎಂದರೆ ದೇವರ ಕೋಣೆ ಮಾತ್ರ. ಅದಕ್ಕೆ ನನ್ನ ಭಕ್ತಿ ಕಾರಣ ಅಲ್ಲ, ಒಳಗೆ ಬಿಡುತ್ತಿರಲಿಲ್ಲ. ಅಮ್ಮನಿಗೆ ಇದೊಂದು ಕಸುಬೇ ಆಗಿಹೋಗಿತ್ತು. ಬಚ್ಚಲ ಒಲೆಯ ಬೂದಿಯನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿಸಿ ಚಾವಡಿಯ ಮೂಲೆಯಲ್ಲೇ ಇಟ್ಟಿದ್ದಳು. ಮೊದಲು ಬೂದಿ ಉದುರಿಸಬೇಕು, ಅದು ಹೀರಿಕೊಳ್ಳುವವರೆಗೆ ಮಗುವಿನ ಬಾಯಿ ತೊಳೆಸಬೇಕು, ಆಮೇಲೆ ತೆಂಗಿನಕಾಯಿಯ ಗೆರಟೆಯಿಂದ ಬಾಚಿ ಬಾಳೆಯ ಬುಡಕ್ಕೆ ಹಾಕಬೇಕು, ಕೊನೆಗೆ ಅಪ್ಪನ ಹಳೆ ಪಂಚೆಯ ತುಂಡಿನಿಂದ ಒರೆಸಬೇಕು. "ಪಂಚೆಯಾದರೂ ಕೆಲಸಕ್ಕೆ ಬಂತಲ್ಲ" ಎನ್ನುವಳು. ನಾನು ಅಳುತ್ತ ಗೋಡೆಗೆ ಒರಗಿ ಕೂತಿದ್ದರೆ ಅವಳು ಮೊಣಕಾಲೂರಿ, ಮೂಗನ್ನು ಸೆರಗಿನಿಂದ ಮುಚ್ಚದೆ, ಪರೀಕ್ಷೆಯ ಪೇಪರು ತಿದ್ದುವ ಟೀಚರಿನ ಗಾಂಭೀರ್ಯದಿಂದ ನೋಡುತ್ತಿದ್ದಳು.

"ನೋಡುವ, ಇವತ್ತು ಎಂತೆಲ್ಲ ಬಂತು. ಹೋ, ಬೆಳಗ್ಗಿನ ದೋಸೆ. ಒಂದು ಚೂರಾದರೂ ಜಗಿದಿದ್ದೀಯಾ ಮಾರಾಯ್ತಿ? ಗುಳ್ಳ ಬದನೆಯ ಹೋಳು ಹಾಗೇ ಉಂಟು. ತೊಳೆದರೆ ಇನ್ನೊಂದು ಹುಳಿ ಮಾಡಬಹುದು."

ಅಳುತ್ತಿದ್ದ ನಾನು ನಗುತ್ತಿದ್ದೆ. ನಗುವಾಗ ಇನ್ನೊಂದು ಸಲ ಬರುತ್ತಿತ್ತು.

"ಎರಡು ಹೆಜ್ಜೆ ಆಚೆ ಅಷ್ಟು ದೊಡ್ಡ ಅಂಗಳ ಉಂಟು. ಒಂದು ದಿನವಾದರೂ ಅಲ್ಲಿಗೆ ಹೋಗಬೇಕು ಅಂತ ಅನ್ನಿಸುವುದಿಲ್ವಾ ನಿನಗೆ? ಪಾಪ, ಅಂಗಳಕ್ಕೆ ಬೇಸರ ಆಗುವುದಿಲ್ವಾ?"

ಅಷ್ಟರಲ್ಲಿ ಅಡಿಗೆ ಮನೆಯ ಹಿಂದಿನಿಂದ ಸದ್ದು ಬರುತ್ತಿತ್ತು. ಕಿರ್ರೋ, ಕಿರ್ರೋ, ಧಡಲ್. ಅಪ್ಪ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾರೆ. ಅಪ್ಪನ ಕಿವಿಯ ಬಗ್ಗೆ ಹೇಳಬೇಕು. ಅಟ್ಟದಿಂದ ತೆಂಗಿನಕಾಯಿ ತೆಗೆದುಕೊಡಿ ಎಂದು ಅಮ್ಮ ಪಕ್ಕದಲ್ಲೇ ನಿಂತು ಕೂಗಿದರೂ ಕೇಳದ ಕಿವಿ ಅದು. ಆದರೆ ಚಾವಡಿಯಲ್ಲಿ ನಾನು ಒಂದು ಸಲ "ಅಮ್ಮಾ, ಹೊಟ್ಟೆ..." ಎಂದರೆ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಪ್ಪ ಎದ್ದು ಬಾವಿಕಟ್ಟೆಗೆ ನಡೆದಾಗಿರುತ್ತಿತ್ತು. ನಾನು ಕಕ್ಕುವಷ್ಟರಲ್ಲಿ ಎರಡು ಕೊಡ ನೀರು ಬಿದ್ದಿರುತ್ತಿತ್ತು. ನಾನು ಕಕ್ಕಿ ಮುಗಿಯುವಾಗ ಅಪ್ಪ ಪಟ್ಟೆ ಪಂಚೆ ಉಟ್ಟು, ಒದ್ದೆ ಜುಟ್ಟಿನಿಂದ ನೀರು ತೊಟ್ಟಿಕ್ಕಿಸುತ್ತ, ಎರಡೂ ಕೈಗಳನ್ನು ಎದೆಯ ಹತ್ತಿರ ಹಿಡಿದುಕೊಂಡು ಚಾವಡಿಯ ಅಂಚಿನಲ್ಲಿ ಬಹಳ ಜಾಗ್ರತೆಯಲ್ಲಿ ದಾಟುತ್ತಿದ್ದರು.

"ಮುಟ್ಟಬೇಡ, ಮಡಿಯಲ್ಲಿದ್ದೇನೆ" ಎಂದು ನನಗೆ. "ಮಗುವಿಗೆ ಶುಂಠಿ ಕಷಾಯ ಕೊಡು" ಎಂದು ಅಮ್ಮನಿಗೆ.

"ಬೆಳಿಗ್ಗೆ ಪೂಜೆ ಆಗಿದೆಯಲ್ಲ?" ಎಂದು ಅಮ್ಮ ಕೇಳುವಳು.

"ಸ್ವಲ್ಪ ಜಪ ಬಾಕಿ ಉಂಟು."

ಅಮ್ಮ ಗೆರಟೆ ಹಿಡಿದುಕೊಂಡೇ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು. "ನಿನ್ನ ವಾಂತಿಯಿಂದ ನಿನ್ನ ಅಪ್ಪನಿಗೆ ಎಷ್ಟು ಪುಣ್ಯ ನೋಡು. ಬೇರೆ ಮನೆಯ ಗಂಡಸರು ದಿನಕ್ಕೆ ಒಂದು ಸಲ ಜಪ ಮಾಡ್ತಾರೆ." ಮುಂದೆ ಮುಂದೆ ರಾಟೆ ಕೂಗಿದ ಕೂಡಲೇ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು ರೂಢಿಯಾಯಿತು. ಅಷ್ಟೇ ಆಗಿದ್ದರೆ ಇದೊಂದು ತಮಾಷೆಯ ಕಥೆ. ಮಕ್ಕಳಿಗೆ ಹೇಳಿ ನಗಬಹುದಿತ್ತು.

ಅಜ್ಜಿಗೆ ಮಾತ್ರ ಇದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಅಡಿಗೆ ಮನೆಯ ಹೊಸ್ತಿಲಿನ ಆಚೆ ನಿಂತು ಅವಳು ಯಾವಾಗಲೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಎಂತ ತಿನ್ನಿಸಿದ್ದು ನೀನು ಮಗುವಿಗೆ?" ಮಗು ಹೇಗಿದೆ ಎಂದು ಅಲ್ಲ. ಅಡಿಗೆ ಮಾಡಿದ್ದು ಅಜ್ಜಿ, ಬಡಿಸಿದ್ದು ಅಜ್ಜಿ, ಆದರೂ ತಿನ್ನಿಸಿದ್ದು ಅಮ್ಮ. ಎಲ್ಲ ತೊಳೆದು, ಸ್ನಾನ ಮಾಡಿ ಅಮ್ಮ ಊಟಕ್ಕೆ ಬರುವಾಗ ಅಪ್ಪನ ಊಟವೂ ಅಜ್ಜಿಯ ಊಟವೂ ಆಗಿ, ಗೋಮಯ ಹಚ್ಚಿ ನೆಲ ಒಣಗಿ, ಅನ್ನ ತಣ್ಣಗಾಗಿರುತ್ತಿತ್ತು. ಮೂಗಿಗೆ ಆ ವಾಸನೆ ಹತ್ತಿರುವಾಗ ಯಾರಾದರೂ ಹೇಗೆ ಉಣ್ಣುತ್ತಾರೆ? ಅಮ್ಮ ಮಜ್ಜಿಗೆಗೆ ಉಪ್ಪು ಹಾಕಿ ಕುಡಿದು ಏಳುತ್ತಿದ್ದಳು. ನನಗೆ ಹುಷಾರಿಲ್ಲದಿದ್ದ ದಿನಗಳಲ್ಲಿ ಅಮ್ಮ ಸಪೂರ ಆಗುತ್ತಿದ್ದಳು. ಆ ಮನೆಯಲ್ಲಿ ಅದನ್ನು ಗಮನಿಸಿದವರು ಯಾರೂ ಇಲ್ಲ.

ನಾನು ಎರಡನೇ ಕ್ಲಾಸಿನಲ್ಲಿದ್ದ ವರ್ಷದ ಒಂದು ಬೆಳಿಗ್ಗೆ ಪಕ್ಕದ ಮನೆಯ ಗಿರಿಜಕ್ಕ ಗೋಡೆಯ ಆಚೆಯಿಂದ ಅಮ್ಮನನ್ನು ಕರೆದಳು. ಅವಳ ಗಂಡನಿಗೆ ಮೀನು ಹಿಡಿಯುವ ಬೋಟು ಇತ್ತು, ಮನೆಯಲ್ಲಿ ಫೋನು ಇತ್ತು. ನಮಗೆ ಬರಬೇಕಾದ ಕರೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು.

"ಸುಮತಿಯಮ್ಮ, ನಿಮ್ಮ ಅಣ್ಣನದ್ದು ಫೋನು. ಕುಕ್ಕುಂದೂರಿನಲ್ಲಿ ನಿಮ್ಮ ತಾಯಿಗೆ ಕಾಯಿಲೆ ಬಹಳ ಜೋರು ಉಂಟಂತೆ. ಕೂಡಲೇ ಹೊರಟು ಬರಲಿಕ್ಕೆ ಹೇಳಿದ್ದಾರೆ. ಸುಮತಿ ಎಲ್ಲಿ, ಸುಮತಿ ಬಂದಳಾ ಅಂತ ತಾಯಿ ಕೇಳ್ತಾ ಇದ್ದಾರಂತೆ."

ಕುಕ್ಕುಂದೂರು ಎಷ್ಟು ದೂರ? ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದರೆ ಕಾರ್ಕಳ, ಅಲ್ಲಿಂದ ನಡೆದೇ ಹೋಗಬಹುದು. ಊಟದ ಹೊತ್ತಿಗೆ ಮೊದಲು ಅಮ್ಮ ತನ್ನ ತಾಯಿಯ ಮಂಚದ ಪಕ್ಕದಲ್ಲಿ ಕೂರಬಹುದಿತ್ತು. ಆದರೆ ನನಗೆ ಹಿಂದಿನ ದಿನದಿಂದ ಜ್ವರ. ಬೆಳಗಾದ ಮೇಲೆ ಆಗಲೇ ಚಾವಡಿಗೆ ಬೂದಿ ಬಿದ್ದಿತ್ತು. ಅಮ್ಮ ಒಳಗೆ ಬಂದು ನೀಲಿ ಸೀರೆ ಉಟ್ಟಳು. ಬ್ಯಾಗಿಗೆ ಎರಡು ಬಟ್ಟೆ ತುರುಕಿದಳು. ಜಗಲಿಯಲ್ಲಿದ್ದ ಅಪ್ಪನ ಎದುರು ನಿಂತು ಹೇಳಿದಳು. ಅವಳ ಸ್ವರದಲ್ಲಿ ತಮಾಷೆ ಇಲ್ಲದ್ದನ್ನು ನಾನು ಮೊದಲ ಸಲ ಕೇಳಿದೆ.

"ಇವತ್ತೊಂದು ದಿನ ಮಗುವನ್ನು ನೀವು ನೋಡಿಕೊಳ್ಳಿ. ಬೂದಿ ಮೂಲೆಯಲ್ಲಿ ಉಂಟು. ಗೆರಟೆ ಅದರ ಮೇಲೆಯೇ ಉಂಟು. ಅಷ್ಟೇ. ದೊಡ್ಡ ವಿದ್ಯೆ ಅಲ್ಲ."

ಅಪ್ಪ "ಹೂಂ" ಅಂದರು. ಅಂದದ್ದು ಹೌದು. ನಾನು ಕೇಳಿದ್ದೇನೆ. ಅಮ್ಮ ನನ್ನ ಹಣೆ ಮುಟ್ಟಿ, ತಲೆ ಸವರಿ ಹೊಸ್ತಿಲು ದಾಟುವುದಕ್ಕೆ ಕಾಲೆತ್ತಿದಳು. ಆಗ ನನ್ನ ಹೊಟ್ಟೆಯೊಳಗೆ ತೊಳಸಿತು. ಬಾಯಿ ಮುಚ್ಚಿಕೊಂಡೆ, ತುಟಿ ಕಚ್ಚಿಕೊಂಡೆ, ಆಗಲಿಲ್ಲ. ಒಂದು ಸಣ್ಣ ಸದ್ದು ಹೊರಗೆ ಬಂತು. ಅಪ್ಪ ಎದ್ದರು. ನನ್ನ ಕಡೆಗೆ ಬರುತ್ತಾರೆ ಎಂದುಕೊಂಡೆ. ನನ್ನನ್ನು ದಾಟಿ, ಅಡಿಗೆ ಮನೆ ದಾಟಿ ಹೋದರು. ಕಿರ್ರೋ ಎಂದಿತು ರಾಟೆ.

ಅಮ್ಮ ಹೊಸ್ತಿಲಿನ ಮೇಲೆ ಹಾಗೇ ನಿಂತಳು. ಆಮೇಲೆ ಬ್ಯಾಗು ಕೆಳಗಿಟ್ಟು ಬಾವಿಕಟ್ಟೆಗೇ ಹೋದಳು. ಅವಳು ಕೂಗಿದ್ದು ನನಗೆ ಚಾವಡಿಯವರೆಗೂ ಕೇಳುತ್ತಿತ್ತು.

"ಇವತ್ತು ಎಂತ ಜಪ? ನನ್ನ ಅಮ್ಮ ಸಾಯ್ತಾ ಇದ್ದಾಳೆ!"

"ಹನ್ನೊಂದಕ್ಕೆ ಶೆಟ್ಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಉಂಟು. ಒಪ್ಪಿಕೊಂಡು ಆಗಿದೆ. ಈಗ ಮಡಿಯಲ್ಲಿದ್ದೇನೆ, ದೂರ ನಿಲ್ಲು. ಮಧ್ಯಾಹ್ನದ ಬಸ್ಸಿಗೆ ಹೋಗು. ಅಷ್ಟರಲ್ಲಿ ಎಂತ ಆಗುವುದಿಲ್ಲ."

"ಗಂಡಸಿನ ಹತ್ತಿರ ಮಗು ಕಕ್ಕಿದ್ದನ್ನು ಬಾಚಿಸುವುದಾ?" ಎಂದಳು ಅಜ್ಜಿ, ಅಡಿಗೆ ಮನೆಯಿಂದ. "ನಮ್ಮ ಮನೆಯಲ್ಲಿ ಆ ಕ್ರಮ ಇಲ್ಲ."

ಗಿರಿಜಕ್ಕ ಗೋಡೆಯ ಹತ್ತಿರವೇ ನಿಂತಿದ್ದಳು. "ಮಗುವನ್ನು ನನ್ನ ಹತ್ತಿರ ಕೊಡಿ ಸುಮತಿಯಮ್ಮ. ನಾನು ನೋಡಿಕೊಳ್ತೇನೆ, ನೀವು ಹೋಗಿ ಬನ್ನಿ" ಅಂದಳು. ಅಜ್ಜಿ ಒಳಗಿನಿಂದಲೇ, ಅವಳಿಗೆ ಕೇಳುವ ಹಾಗೆ, ಮೀನಿನ ಮನೆಗೆ ನಮ್ಮ ಮಗು ಹೋಗುವುದು ಬೇಡ ಅಂದಳು. ಅಮ್ಮ ನನ್ನ ಬಾಯಿ ಒರೆಸಿ, ನನ್ನನ್ನೇ ಎತ್ತಿಕೊಂಡು ಹೊರಟಳು. ಗೇಟು ದಾಟಿ, ಗದ್ದೆಯ ಅಂಚಿನಲ್ಲಿ ಬಸ್‌ಸ್ಟಾಪಿನ ದಾರಿ ಅರ್ಧ ಹೋಗುವುದರೊಳಗೆ ನಾನು ಅವಳ ಭುಜದಿಂದ ಬೆನ್ನಿನವರೆಗೆ, ನೀಲಿ ಸೀರೆಯ ಉದ್ದಕ್ಕೂ ಕಕ್ಕಿದೆ. ಬಸ್ಸಿನ ಹಾರ್ನು ಕೇಳಿಸಿತು. ಆ ಸೀರೆಯಲ್ಲಿ, ಆ ಮಗುವಿನೊಂದಿಗೆ ಅವಳನ್ನು ಯಾರು ಬಸ್ಸಿಗೆ ಹತ್ತಿಸಿಕೊಳ್ಳುತ್ತಾರೆ? ಬಸ್ಸು ನಿಂತು, ಹೋಯಿತು. ಇವತ್ತು ಎಂತೆಲ್ಲ ಬಂತು ಎಂದು ಅಮ್ಮ ನೋಡಲಿಲ್ಲ.

ಮನೆಗೆ ಬಂದು ಅವಳು ನನ್ನನ್ನು ತೊಳೆದಳು, ಚಾವಡಿ ತೊಳೆದಳು, ತಾನು ಸ್ನಾನ ಮಾಡಿದಳು, ಇನ್ನೊಂದು ಸೀರೆ ಉಟ್ಟಳು. ಅಪ್ಪ ಪಟ್ಟೆ ಪಂಚೆಯಲ್ಲಿ ಶೆಟ್ಟರ ಮನೆಗೆ ಹೋದರು. ಅವಳು ಒದ್ದೆ ತಲೆಯಲ್ಲಿ ಜಗಲಿಯಲ್ಲಿ ಕೂತು ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದಾಗ ಗಿರಿಜಕ್ಕ ಈ ಸಲ ಗೋಡೆಯ ಆಚೆಯಿಂದ ಕರೆಯಲಿಲ್ಲ. ಗೇಟು ತೆರೆದು, ಅಂಗಳ ದಾಟಿ, ಜಗಲಿ ಹತ್ತಿ, ಅಮ್ಮನ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಅಮ್ಮನಿಗೆ ಗೊತ್ತಾಯಿತು.

ಆಮೇಲೆ ಎಲ್ಲ ಸಲೀಸಾಯಿತು. ಸೂತಕದ ಮನೆಯಲ್ಲಿ ಮಡಿ ಎಲ್ಲಿಂದ ಬರಬೇಕು? ಗಿರಿಜಕ್ಕ ನಮ್ಮ ಚಾವಡಿಗೇ ಬಂದು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಅಜ್ಜಿ ಬಾಯಿ ಬಿಡಲಿಲ್ಲ. ಅಮ್ಮ ಮಧ್ಯಾಹ್ನದ ಬಸ್ಸಿಗೆ ಹೋದಳು. ಅವಳ ತಾಯಿಯ ಕಣ್ಣನ್ನು ಆಗಲೇ ಮುಚ್ಚಿ ಆಗಿತ್ತು. ಅಪ್ಪ ಶೆಟ್ಟರ ಮನೆಯಲ್ಲಿ ಪೂಜೆ ಮುಗಿಸಿ, ಊಟ ಮಾಡಿ, ಬಾಳೆ ಎಲೆಯಲ್ಲಿ ಸಪಾದ ಭಕ್ಷ್ಯದ ಸಿಹಿ ಪ್ರಸಾದ ಕಟ್ಟಿಸಿಕೊಂಡು ಬಂದರು. ನಾನು ಆ ಮಧ್ಯಾಹ್ನ ಒಂದು ಸಲವೂ ಕಕ್ಕಲಿಲ್ಲ. ಹೊಟ್ಟೆಯಲ್ಲಿ ಇದ್ದದ್ದೆಲ್ಲ ಬೆಳಿಗ್ಗೆಯೇ ಖಾಲಿಯಾಗಿತ್ತು.

ಅಪ್ಪನ ಮೇಲೆ ನನ್ನ ಸಿಟ್ಟು ಆ ದಿನದ್ದಲ್ಲ. ಆ ದಿನ ನಾನು ಜ್ವರದಲ್ಲಿದ್ದೆ. ಸಿಟ್ಟು ಬಂದದ್ದು ಆಮೇಲೆ. ಮದುವೆ, ಮುಂಜಿ ಎಂದು ಹೋದಲ್ಲೆಲ್ಲ ಅಪ್ಪ ಆ ದಿನದ ಕಥೆ ಹೇಳುತ್ತಿದ್ದರು. ಹೇಳುವಾಗ ನನ್ನ ತಲೆಯ ಮೇಲೆ ಪ್ರೀತಿಯಿಂದ ಕೈ ಇಡುತ್ತಿದ್ದರು, ಆಗ ಮಡಿ ಇರುತ್ತಿರಲಿಲ್ಲ. "ಎಂತ ಮಾಡುವುದು, ಇವಳದ್ದು ವಾಂತಿ ನಿಲ್ಲಲೇ ಇಲ್ಲ. ಹಾಗಾಗಿ ಸುಮತಿಗೆ ಹೋಗಲಿಕ್ಕೆ ಆಗಲಿಲ್ಲ." ಕೇಳಿದವರು ನನ್ನ ಕೆನ್ನೆ ಹಿಂಡಿ, "ನಿನ್ನಿಂದ ನಿನ್ನ ಅಮ್ಮನಿಗೆ ತಾಯಿಯ ಮುಖ ನೋಡಲಿಕ್ಕೆ ಸಿಗಲಿಲ್ಲ ಅಲ್ವಾ?" ಎನ್ನುತ್ತಿದ್ದರು. ತಮಾಷೆಗೆ ಹೇಳುವುದು. ನಾನು ಅದನ್ನು ನಂಬಿದ್ದೆ. ಎಷ್ಟೋ ವರ್ಷ ನಂಬಿದ್ದೆ. ಜ್ವರ ಬಂದರೆ ಬಾಯಿ ಮುಚ್ಚಿಕೊಂಡು, ಯಾರಿಗೂ ಹೇಳದೆ, ಬಾಳೆಯ ಬುಡಕ್ಕೆ ಓಡುವ ಹುಡುಗಿಯಾದೆ. ಅಂಗಳಕ್ಕೆ ಬೇಸರ ಕಳೆಯಿತು. ಮೈಗೆ ಹುಷಾರಿಲ್ಲ ಎಂದು ಬಾಯಿಬಿಟ್ಟು ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಗಂಡನಿಗೆ ಹೇಳುವುದಿಲ್ಲ, ಡಾಕ್ಟರಿಗೂ ಅರ್ಧ ಹೇಳುತ್ತೇನೆ. ಇದು ಆ ಮನೆ ನನಗೆ ಕೊಟ್ಟ ಬಳುವಳಿ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಕಾರ್ಕಳದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಮತ್ತೆ ಅದೇ ಮಾತು ಎತ್ತಿದರು. ಅಮ್ಮ ಪಾಯಸದ ಎಲೆಯಿಂದ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇವಳಿಂದ ಅಲ್ಲ. ಇವಳು ಕಕ್ಕಿದ್ದನ್ನು ಬಾಚಲಿಕ್ಕೆ ಒಂದು ಗೆರಟೆ ಸಾಕಿತ್ತು. ಪಟ್ಟೆ ಪಂಚೆಯಿಂದಾಗಿ ಹೋಗಲಿಕ್ಕಾಗಲಿಲ್ಲ."

ಎದುರಿನ ಪಂಕ್ತಿಯಲ್ಲಿದ್ದ ಅಪ್ಪ ಪಾಯಸಕ್ಕೆ ಕೈ ಹಾಕಿದವರು ಹಾಗೇ ಇದ್ದರು. ನಾನು ಅಷ್ಟು ವರ್ಷ ಹೊತ್ತದ್ದನ್ನು ಅಮ್ಮ ಒಂದು ಮಾತಿನಲ್ಲಿ ಇಳಿಸಿದ್ದಳು. ಮನೆಗೆ ಹೋಗುವ ಬಸ್ಸಿನಲ್ಲಿ ಅಮ್ಮನನ್ನು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದರೆ ನಿನ್ನ ಅಪ್ಪ ಸ್ನಾನಕ್ಕೆ ಹೋಗ್ತಾರೆ" ಅಂದಳು. ನಾವಿಬ್ಬರೂ ನಕ್ಕೆವು. ಅವಳು ಕಿಟಕಿಯ ಕಡೆ ತಿರುಗಿಕೊಂಡ ಮೇಲೆ ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಕಳೆದ ವರ್ಷ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆಯಿಂದ ನೇರ ನಮ್ಮ ಫ್ಲ್ಯಾಟಿಗೇ ಕರೆದುಕೊಂಡು ಬಂದೆವು, ಜೊತೆಗೆ ಅಮ್ಮ. ಮಗನ ಕೋಣೆಯಲ್ಲಿ ಅಪ್ಪನಿಗೆ ಮಂಚ ಹಾಕಿದೆವು. ಅಮ್ಮನೇ ಗಂಜಿ ಕುಡಿಸಿದಳು, ಅಮ್ಮನೇ ಮಾತ್ರೆ ಕೊಟ್ಟಳು, ದಿಂಬು ಸರಿಮಾಡಿದಳು. ಅಪ್ಪನಿಗೆ ಪಕ್ಕಕ್ಕೆ ಹೊರಳಲಿಕ್ಕೂ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಹೊರಗಿನ ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದೆ. ಒಳಗಿನಿಂದ ಅಪ್ಪನ ಸ್ವರ.

"ಸುಮತಿ... ಹೊಟ್ಟೆ ತೊಳಸ್ತದೆ..."

ಅಮ್ಮ ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಎದ್ದಳು. ಬಾಲ್ದಿ ತರಲಿಕ್ಕೆ ಎಂದುಕೊಂಡೆ. ನನ್ನನ್ನು ದಾಟಿ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಷವರಿನ ಸದ್ದು ಬಂತು. ನಾನು ಒಳಗೆ ಓಡುವಷ್ಟರಲ್ಲಿ ಅಪ್ಪನ ಗಲ್ಲ, ಎದೆ, ಹೊದಿಕೆ ಎಲ್ಲ ಆಗಿತ್ತು. ನಾನು ಒದ್ದೆ ಬಟ್ಟೆ ತಂದು ಮೊಣಕಾಲೂರಿದೆ. ಮುಖ ಒರೆಸುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದಳು. ಮೈಮೇಲೆ ಪಟ್ಟೆ ಸೀರೆ. ಕಾಪುವಿನಿಂದ ಅದನ್ನು ಯಾಕೆ ಕಟ್ಟಿಕೊಂಡು ಬಂದಿದ್ದಾಳೋ ಎಂದು ಹಿಂದಿನ ದಿನ ನಾನು ಆಶ್ಚರ್ಯಪಟ್ಟಿದ್ದೆ. ಬಿಳಿ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡೂ ಕೈಗಳನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದಳು.

ಅಪ್ಪ ಕೈ ಚಾಚಿದರು.

"ಮುಟ್ಟಬೇಡಿ" ಎಂದಳು ಅಮ್ಮ. "ಮಡಿಯಲ್ಲಿದ್ದೇನೆ."

ನಾನು ಅಮ್ಮನ ಮುಖ ನೋಡಿದೆ. ಕಣ್ಣು ಮಿಟುಕಿಸುತ್ತಾಳೋ ಎಂದು ಕಾದೆ. ಮಿಟುಕಿಸಲಿಲ್ಲ. ಅಪ್ಪನ ಕೈ ಹಾಗೇ ಗಾಳಿಯಲ್ಲಿತ್ತು. ಅವರಿಗೆ ಅರ್ಥವಾದದ್ದು ನನಗೆ ಕಂಡಿತು. ಅವರು ಅವಳನ್ನು ಕೇಳಿದರು.

"ಎಷ್ಟು ಹೊತ್ತು?"

"ಮಧ್ಯಾಹ್ನದ ಬಸ್ಸಿನವರೆಗೆ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಬಟ್ಟೆ ಹಿಂಡಿ ಮತ್ತೆ ಒರೆಸಿದೆ.